ಚಮಚದಿಂದ ಹುಟ್ಟಿದ ಕುಂಚ

ಏರ್‌ಬ್ರಷ್ ಹಣವಂತರ ಉಪಕರಣವೆಂದು ಹಿಂಜರಿಯುವವರುಂಟು. ಅದರ ಹುಟ್ಟು ನೋಡಿದರೆ ಹಾಗೆನಿಸದು. 1879ರ ಸುಮಾರಿಗೆ ಅಮೆರಿಕದ ಅಯೋವಾದಲ್ಲಿ ಆಬ್ನರ್ ಪೀಲರ್ ಎಂಬಾತ ಬಗ್ಗಿಸಿದ ಚಮಚ, ಹೊಲಿಗೆಯಂತ್ರದ ಹಳೆಯ ಸೂಜಿ, ಅಕ್ಕಸಾಲಿಗರ ಸ್ಕ್ರೂಡ್ರೈವರ್ ಜೋಡಿಸಿ ಗಾಳಿಯಿಂದ ಬಣ್ಣ ಹರಡುವ ಸಾಧನ ಮಾಡಿದ. (ಅಡುಗೆಮನೆಯ ಚಮಚಕ್ಕೆ ಅಂಥ ಗೌರವ ಮತ್ತೆಂದೂ ಸಿಕ್ಕಿರಲಾರದು!) ಗಾಳಿಗೆ ಕೈಪಂಪು. ಲಿಬರ್ಟಿ ವಾಕಪ್ ಅದರ ಹಕ್ಕು ಕೊಂಡು, ಸುಧಾರಿಸಿ ಮಾರಿದ. ಫೋಟೋ ತಿದ್ದುವವರಿಗೆ ಅದು ಅನ್ನದ ದಾರಿಯಾಯಿತು. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಪೆನ್ನಿನಂತೆ ಹಿಡಿಯುವ ಬ್ರಷ್ ತಂದ. ಇಂದಿನವು ಅದರ ಸಂತತಿಯೇ.

ಮಗನಿಗೋ ಮಗಳಿಗೋ ಕೊಡಿಸುವವರು ಗಮನಿಸಬೇಕು: ಬ್ರಷ್ ಸಾಧಾರಣದ್ದಾದರೂ ಸರಿ, ಹಣವನ್ನು ಒತ್ತಡ ಏರಿಳಿಯದ ಕಂಪ್ರೆಸರಿಗೆ ಹಾಕಿ. ಸೂಜಿಯ ತುದಿ ಬಾಗಿದರೆ ದುಬಾರಿ ಬ್ರಷ್ಷೂ ಬಣ್ಣ ಉಗುಳುತ್ತದೆ. ಬಣ್ಣ ಒಣಗುವ ಮುನ್ನವೇ ತೊಳೆದು, ಸೂಜಿಯನ್ನು ತುದಿಯ ಕಡೆಗೇ ಒರೆಸಿಡಬೇಕು.