ಗುಹ್ಯಚರ್ಮದ ವಿಕಾರಗಳು: ಹೆಸರು, ಭಯ ಮತ್ತು ಚಿಕಿತ್ಸೆಯ ಚರಿತ್ರೆ
(ಕೊಳ್ಳೇಗಾಲ–ಹನೂರು ಸೀಮೆಯ ಹಿನ್ನೆಲೆಯಲ್ಲಿ)

ಜನಪದ ವೈದ್ಯವನ್ನು ಕುರಿತ ಅಧ್ಯಯನಗಳಲ್ಲಿ ಬಾಣಂತಿ ಆರೈಕೆ, ಹಾವಿನ ಕಡಿತ, ಮೂಳೆ ಕಟ್ಟುವಿಕೆ, ದನಕರುಗಳ ಚಿಕಿತ್ಸೆ ಇವುಗಳಿಗೆ ದೊರೆತಿರುವ ಗಮನ ಗಂಡಸರ ಗುಹ್ಯಾಂಗದ ಚರ್ಮವಿಕಾರಗಳಿಗೆ ದೊರೆತಿಲ್ಲ. ಇದಕ್ಕೆ ವಕ್ತೃಗಳ ಸಂಕೋಚವೊಂದೇ ಕಾರಣವಲ್ಲ. ಸಂಗ್ರಾಹಕರ ಸಂಕೋಚವೂ ಅಷ್ಟೇ ಕಾರಣ. ಆದರೆ ಯಾವ ಬದಲಾವಣೆ ನಿರಪಾಯ, ಯಾವುದು ಅಪಾಯಕರ ಎಂಬ ಪ್ರಶ್ನೆ ಬಹಳ ಹಳೆಯದು. ಉತ್ತರ ತಪ್ಪಿದಾಗ ಅಂಗವೂ ಜೀವವೂ ಹೋದದ್ದುಂಟು.

ಸುಶ್ರುತಸಂಹಿತೆಯ ನಿದಾನಸ್ಥಾನದ ಹದಿನಾಲ್ಕನೆಯ ಅಧ್ಯಾಯ ಈ ದೃಷ್ಟಿಯಿಂದ ಗಮನಾರ್ಹವಾದುದು. ಅಂಗವನ್ನು ದೊಡ್ಡದು ಮಾಡಿಕೊಳ್ಳುವ ಆಸೆಯಿಂದ ಶೂಕವೆಂಬ ವಿಷಜಂತುವಿನ ಲೇಪ ಹಚ್ಚಿಕೊಂಡವರಿಗೆ ಬರುವ ಹದಿನೆಂಟು ವಿಕಾರಗಳನ್ನು ಅದು ಹೆಸರಿಸುತ್ತದೆ. ಸಾಸಿವೆಯಂಥ ಗುಳ್ಳೆಯಾದ ಸರ್ಷಪಿಕೆಯಿಂದ ಮೊದಲುಗೊಂಡು ತಿಲಕಾಲಕದವರೆಗೆ ಸಾಗುವ ಈ ಪಟ್ಟಿಯಲ್ಲಿ ಮಾಂಸಾರ್ಬುದ, ಮಾಂಸಪಾಕ, ವಿದ್ರಧಿ, ತಿಲಕಾಲಕ ಎಂಬ ನಾಲ್ಕು ಅಸಾಧ್ಯವೆಂದು ಹೇಳಲಾಗಿದೆ. ಸ್ವಾರಸ್ಯವೆಂದರೆ ಇದಕ್ಕೆ ಹಿಂದಿನ ಅಧ್ಯಾಯದ ಕ್ಷುದ್ರರೋಗಗಳಲ್ಲಿಯೂ ತಿಲಕಾಲಕವೆಂಬ ಹೆಸರಿದೆ. ಅಲ್ಲಿ ಅದು ಎಳ್ಳಿನಷ್ಟು ಗಾತ್ರದ, ನೋವಿಲ್ಲದ ಮಚ್ಚೆ. ಇಲ್ಲಿ ಮಾಂಸ ಕಪ್ಪಾಗಿ ಕಳಚಿ ಬೀಳುವ ಮಾರಿ. ಹೆಸರು ಒಂದೇ ಆಗಿದ್ದರೂ ಒಂದು ನಿರುಪದ್ರವಿ, ಇನ್ನೊಂದು ಮಾರಕ. ಕಪ್ಪು ಬಣ್ಣವನ್ನಷ್ಟೇ ನೋಡಿ ನಿರ್ಣಯಿಸಲಾಗದೆಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತೆಂಬುದು ಇದರಿಂದ ಸ್ಪಷ್ಟ.

ಹದಿನಾರನೆಯ ಶತಮಾನದಲ್ಲಿ ಈ ಚಿತ್ರ ಬದಲಾಯಿತು. ಆ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ಫಿರಂಗರೋಗ ಎಂಬ ಹೊಸ ಹೆಸರು ಕಾಣಿಸಿಕೊಳ್ಳುತ್ತದೆ. ಪೋರ್ಚುಗೀಸರೊಡನೆ ಬಂದ ಸಿಫಿಲಿಸ್ ಇದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಬಾಹ್ಯ, ಆಭ್ಯಂತರ, ಉಭಯ ಎಂದು ಭಾವಮಿಶ್ರ ಅದನ್ನು ಮೂರಾಗಿ ವಿಂಗಡಿಸಿದ. ಪಾದರಸದ ಕರ್ಪೂರರಸವನ್ನು ಗೋಧಿಹಿಟ್ಟಿನ ಉಂಡೆಯೊಳಗಿಟ್ಟು ಹಲ್ಲಿಗೆ ತಾಗದಂತೆ ನುಂಗಿಸುವ ಕ್ರಮವನ್ನೂ ಚೋಪಚೀನಿಯನ್ನೂ ಹೇಳಿದ. ಚೋಪಚೀನಿ ಚೀನದಿಂದ ಬರುತ್ತಿದ್ದ ಬೇರು. ಇದೇ ರೋಗಕ್ಕೆ ಅದರ ಬಳಕೆಯನ್ನು ಗಾರ್ಸಿಯ ದ ಓರ್ಟ 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಕನ್ನಡ ಈ ಚರಿತ್ರೆಯನ್ನು ತನ್ನದೇ ರೀತಿಯಲ್ಲಿ ಉಳಿಸಿಕೊಂಡಿದೆ. ರೋಗ ಪರಂಗಿ ಹುಣ್ಣು. ಅದಕ್ಕೆ ಮದ್ದು ಪರಂಗಿ ಚಕ್ಕೆ. ಹಿತ್ತಿಲಲ್ಲಿ ಬೆಳೆಯುವುದು ಪರಂಗಿ ಹಣ್ಣು. ಹೊರಗಿನಿಂದ ಬಂದುದಕ್ಕೆಲ್ಲ ಒಂದೇ ಮುದ್ರೆ. ಕೊಳ್ಳೇಗಾಲ ಸೀಮೆಯಲ್ಲಿ ಈ ಪದಗಳಿಗೆ ಇನ್ನೊಂದು ನೆರೆಯೂ ಇದೆ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿನ ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ತಮಿಳು ಮಾತಾಡುವ ಕ್ರೈಸ್ತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕನ್ನಡದ ಮೇಹ ತಮಿಳಿನಲ್ಲಿ ಮೇಗನೋಯ್. ಪರಂಗಿ ಎರಡೂ ಭಾಷೆಗಳಿಗೆ ಸಮಾನ. ಎರಡರಲ್ಲಿಯೂ ‘ಉಷ್ಣ’ವೆಂಬುದು ಗುಹ್ಯಾಂಗದ ಉರಿ, ತುರಿ, ಗುಳ್ಳೆಗಳಿಗೆಲ್ಲ ಒಪ್ಪಬಹುದಾದ ವಿವರಣೆ. ಉಷ್ಣವೆಂದರೆ ಮನೆಯಲ್ಲಿ ಮಾನ ಉಳಿಯುತ್ತದೆ, ಪರಂಗಿಯೆಂದರೆ ಉಳಿಯುವುದಿಲ್ಲ. ಆದ್ದರಿಂದಲೇ ಕಾಯಿಲೆಯನ್ನು ಮರೆಮಾಚಲು ಈ ಪದ ಅನುಕೂಲವಾಯಿತು.

ಚರ್ಮ ಕೆಟ್ಟವನನ್ನು ಸಮಾಜ ಹೇಗೆ ನಡೆಸಿಕೊಳ್ಳುತ್ತದೆಂಬುದನ್ನು ಈ ಭಾಗದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಬಲ್ಲದು. ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಕುಷ್ಠರೋಗಿಯ ರೂಪದಲ್ಲಿ. ಕಣ್ಣಿಗೆ ಕಾಣುವ ರೋಗಕ್ಕೆ ಕಾವ್ಯದಲ್ಲಿ ಹೀಗೆ ಎಡೆಯಿತ್ತು. ಬಟ್ಟೆಯೊಳಗಿನ ರೋಗಕ್ಕೆ ಉಳಿದದ್ದು ಬೈಗುಳದ ಜಾಗ ಮಾತ್ರ. ವಸಾಹತು ಸರ್ಕಾರದ ನಿಲುವೂ ಇದಕ್ಕಿಂತ ಉದಾರವಾಗಿರಲಿಲ್ಲ. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬಲವಂತದ ತಪಾಸಣೆಗೆ ಒಳಪಡಿಸಿದ್ದು ವೇಶ್ಯೆಯರೆಂದು ಗುರುತಿಸಲಾದ ಹೆಂಗಸರನ್ನು, ಅವರ ಬಳಿ ಹೋದ ಗಂಡಸರನ್ನಲ್ಲ. 1888ರಲ್ಲಿ ಅದು ರದ್ದಾಯಿತು.

ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ಒಂಟಿಯಾದದ್ದು, ಗಟ್ಟಿಯಾದದ್ದು, ನೋವಿಲ್ಲದ್ದು. ಸೋಂಕು ತಗುಲಿದ ಸುಮಾರು ಮೂರು ವಾರಕ್ಕೆ ಕಾಣಿಸಿ, ಮದ್ದಿಲ್ಲದೆಯೂ ಮೂರರಿಂದ ಆರು ವಾರಗಳಲ್ಲಿ ಮಾಯುತ್ತದೆ. ರೋಗ ಮಾತ್ರ ಒಳಗೆ ಮುಂದುವರಿಯುತ್ತದೆ. ಆ ಅವಧಿಯಲ್ಲಿ ಹಚ್ಚಿದ ಸೊಪ್ಪಿಗೆ, ಕಟ್ಟಿಕೊಂಡ ಹರಕೆಗೆ, ಬಿಟ್ಟ ಪಥ್ಯಕ್ಕೆ ಗುಣದ ಕೀರ್ತಿ ಸಂದದ್ದು ಸಹಜ. ಮನೆಮದ್ದು ‘ಫಲಿಸಿತು’ ಎಂಬ ಹೇಳಿಕೆಗಳನ್ನು ಸಂಗ್ರಹಿಸುವವರು ಈ ಅಂಶವನ್ನು ಮರೆಯಬಾರದು. ರೋಗದ ಅಣುಜೀವಿಯನ್ನು ಶೌಡಿನ್ ಮತ್ತು ಹಾಫ್‌ಮನ್ ಗುರುತಿಸಿದ್ದು 1905ರಲ್ಲಿ. ಅದೇ ವರ್ಷ ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಇನ್ನೊಂದು ಬಗೆಯ ಗುಹ್ಯವ್ರಣದ ಕಾರಣವನ್ನು ಕಂಡ. ಪೆನಿಸಿಲಿನ್‌ನಿಂದ ಸಿಫಿಲಿಸ್ ವಾಸಿಯಾಗುವುದು 1943ರಲ್ಲಿ ತಿಳಿಯಿತು.

ಇದಕ್ಕೆ ವಿರುದ್ಧವಾದ ಸಂಕಟವೂ ಉಂಟು. ಶಿಶ್ನಮಣಿಯ ಅಂಚಿನಲ್ಲಿ ಸಾಲಾಗಿ ಕೂತ ಮುತ್ತಿನಂಥ ಸಣ್ಣ ಗುಳ್ಳೆಗಳು, ಚರ್ಮದ ಕೆಳಗಿನ ಹಳದಿ ಛಾಯೆಯ ಫೋರ್ಡೈಸ್ ಚುಕ್ಕೆಗಳು, ವಯಸ್ಸಾದವರ ವೃಷಣಚೀಲದ ಮೇಲಿನ ಕೆಂಪು-ನೇರಳೆ ಬೊಟ್ಟುಗಳು ರೋಗವೇ ಅಲ್ಲ; ಯಾರಿಗೂ ಅಂಟುವುದಿಲ್ಲ. ಇವನ್ನು ನರಹುಲಿಯೆಂದು ಬಗೆದು ಸುಣ್ಣ ಹಚ್ಚಿ, ಕೂದಲು ಬಿಗಿದು ಗಾಯ ಮಾಡಿಕೊಂಡರೆ ನಿಜವಾದ ವ್ರಣ ಆಗ ಹುಟ್ಟುತ್ತದೆ. ಗೋಡೆಗಳ ಮೇಲಿನ ‘ಗುಪ್ತರೋಗ’ ಜಾಹೀರಾತು ಬದುಕುವುದೇ ಇಂಥ ಭಯದ ಮೇಲೆ. ಆದರೆ ವಾರಗಟ್ಟಲೆ ಮಾಯದ ಹುಣ್ಣು, ಗಟ್ಟಿಯಾಗುತ್ತ ಬೆಳೆಯುವ ಗಂಟು, ರಕ್ತ ಒಸರುವ ಕೆಂಪು ಮಚ್ಚೆ, ಮುಂದೊಗಲು ಹಿಂದೆ ಸರಿಯದಂತೆ ಬಿಗಿಯುವ ಬಿಳಿಚು ಕಲೆ ಇವು ಬೇರೆಯೇ ವರ್ಗದವು. ಶಿಶ್ನದ ಕ್ಯಾನ್ಸರಿಗೆ ಬಿಗಿಮುಂದೊಗಲು, ಹ್ಯೂಮನ್ ಪ್ಯಾಪಿಲೋಮ ವೈರಾಣು, ತಂಬಾಕು ಕಾರಣಗಳಾಗುತ್ತವೆ. ಬೇಗ ತೋರಿಸಿದರೆ ಅಂಗವನ್ನು ಉಳಿಸಿಕೊಳ್ಳಬಹುದು. ನಾಚಿಕೆಯಿಂದ ತಡಮಾಡಿದವರಲ್ಲಿ ಅದನ್ನು ಕತ್ತರಿಸುವುದು ಅನಿವಾರ್ಯವಾಗುತ್ತದೆ.

ಇತ್ತೀಚಿನ ದಶಕಗಳ ಸರ್ಕಾರಿ ವ್ಯವಸ್ಥೆ ಹೆಸರಿನ ಸಮಸ್ಯೆಯನ್ನು ವಿಶಿಷ್ಟ ರೀತಿಯಲ್ಲಿ ಎದುರಿಸಿತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ತೆರೆದ ಲೈಂಗಿಕ ರೋಗ ಚಿಕಿತ್ಸಾಲಯಗಳಿಗೆ ‘ಸುರಕ್ಷಾ’ ಎಂದು ಹೆಸರಿಟ್ಟರು; ಔಷಧದ ಪೊಟ್ಟಣಗಳನ್ನು ಬಣ್ಣಗಳಿಂದ ಗುರುತಿಸಿದರು. ಸಾಮಾನ್ಯ ಗುಹ್ಯವ್ರಣಕ್ಕೆ ಬಿಳಿ, ಪೆನಿಸಿಲಿನ್ ಒಗ್ಗದವರಿಗೆ ನೀಲಿ, ಹರ್ಪಿಸ್ ಹುಣ್ಣಿಗೆ ಕೆಂಪು, ತೊಡೆಸಂದಿನ ಗಡ್ಡೆಗೆ ಕಪ್ಪು. ಮೇಹವೆನ್ನದೆ, ಪರಂಗಿಯೆನ್ನದೆ ಮದ್ದು ಪಡೆದು ಹೊರಡಲು ಇದರಿಂದ ಸಾಧ್ಯವಾಯಿತು. ಮುತ್ತಿನ ಸಾಲಿನಂಥ ಗುಳ್ಳೆಗಳಿಗೆ ಆ ಪಟ್ಟಿಯಲ್ಲಿ ಯಾವ ಬಣ್ಣವೂ ಇರಲಿಲ್ಲ. ಅವಕ್ಕೆ ಬೇಕಾದದ್ದು ವೈದ್ಯರು ಒಮ್ಮೆ ಕಣ್ಣಾರೆ ನೋಡಿ ‘ಇದು ರೋಗವಲ್ಲ’ ಎಂದು ಹೇಳುವುದಷ್ಟೇ.