ಸೊಲ್ಲಾಪುರದ ಜಯದೇವಿತಾಯಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಎಲಿಜಬೇತಮ್ಮನವರ ಮನೆಯಲ್ಲಿ ಆ ತಾಯಿ ಹಾಡಿದ ಸ್ತುತಿಗೀತೆಯನ್ನು ಸಂತ ಲೂಕರು ಬರೆದಿಟ್ಟಿದ್ದಾರೆ. ನಜರೇತಿನ ಹಳ್ಳಿಯ ಹೆಣ್ಣುಮಗಳ ಹಾಡು ಧರ್ಮಸಭೆಯ ಸಂಜೆಯ ಪ್ರಾರ್ಥನೆಯಾಯಿತು. ಹೆಣ್ಣುಮಕ್ಕಳ ಬಾಯಿಯ ಹಾಡಿಗೆ ಅಂಥ ಶಕ್ತಿಯಿದೆ. ಈ ಹಬ್ಬದಲ್ಲಿ ನಮ್ಮ ನೆರೆಯ ಇನ್ನೊಬ್ಬ ತಾಯಿಯನ್ನು ನೆನೆಯೋಣ. ಅವರು ಕ್ರೈಸ್ತರಲ್ಲ, ಬಸವಣ್ಣನವರ ದಾರಿಯಲ್ಲಿ ನಡೆದವರು.

ಜಯದೇವಿತಾಯಿ ಲಿಗಾಡೆಯವರು ಹುಟ್ಟಿದ್ದು 1912ರ ಜೂನ್ 23ರಂದು, ಸೊಲ್ಲಾಪುರದ ಸಿರಿವಂತ ಮನೆತನದಲ್ಲಿ. ಇಂಡಿಯವರಿಗೆ ಸೊಲ್ಲಾಪುರ ದೂರದ ಊರೇನಲ್ಲ. ಮನೆಮಾತು ಕನ್ನಡ, ಶಾಲೆಯ ಕಲಿಕೆ ಮಾತ್ರ ಮರಾಠಿಯಲ್ಲಿ. ಕನ್ನಡದ ಓದುಬರಹವನ್ನು ಅವರು ಸ್ವಂತ ಪ್ರಯತ್ನದಿಂದ ಗಳಿಸಿಕೊಳ್ಳಬೇಕಾಯಿತು. ಇಂದು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎಷ್ಟೋ ಮಕ್ಕಳು ಇಂಗ್ಲಿಷ್ ಪಾಠ ಒಪ್ಪಿಸಿ, ಅಜ್ಜಿಯ ಜೊತೆ ಕನ್ನಡದಲ್ಲಿ ಜಪಸರ ಹೇಳುವಾಗ ತಡವರಿಸುತ್ತಾರೆ. ಅಂಥ ಮಕ್ಕಳ ಕಷ್ಟ ಈ ತಾಯಿಗೆ ಚೆನ್ನಾಗಿ ಗೊತ್ತಿತ್ತು.

ಕಲಿತದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು. ಇಟಲಿಯ ಸಿರಿವಂತ ಮನೆತನದ ಸಂತ ಮದ್ದಲೇನ ಕನೋಸ್ಸ 1808ರಲ್ಲಿ ವೆರೋನ ನಗರದಲ್ಲಿ ಬಡ ಹೆಣ್ಣುಮಕ್ಕಳಿಗಾಗಿ ಅರಮನೆ ಬಿಟ್ಟು ಬಂದದ್ದು ಇಲ್ಲಿ ನೆನಪಾಗುತ್ತದೆ. ಕಾಲ, ದೇಶ, ಧರ್ಮ ಎಲ್ಲ ಬೇರೆ. ಆದರೂ ನನಗೆ ಇವರಿಬ್ಬರೂ ಅಕ್ಕತಂಗಿಯರಂತೆ ಕಾಣುತ್ತಾರೆ.

'ಜಯಗೀತೆ', 'ತಾಯಿಯ ಪದಗಳು' ಅವರ ಕವನ ಸಂಗ್ರಹಗಳು. ಬಸವಣ್ಣನವರ ವಚನಗಳನ್ನು ಮರಾಠಿಗೂ ತಂದರು. ದೊಡ್ಡ ಕೆಲಸವೆಂದರೆ 'ಶ್ರೀ ಸಿದ್ಧರಾಮ ಪುರಾಣ'. ಸೊನ್ನಲಿಗೆಯ ಸಿದ್ಧರಾಮರ ಕಥೆಯನ್ನು ಹಿಂದೆಯೇ ರಾಘವಾಂಕ ಕವಿ ಷಟ್ಪದಿಯಲ್ಲಿ ಹೇಳಿದ್ದ. ತಾಯಿ ಆರಿಸಿಕೊಂಡದ್ದು ತ್ರಿಪದಿ, ನಾಲ್ಕು ಸಾವಿರಕ್ಕೂ ಹೆಚ್ಚು! ತ್ರಿಪದಿ ಎಂದರೆ ನಮ್ಮ ತಾಯಂದಿರು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಮೂರು ಸಾಲಿನ ಪದ. ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಇಂಥ ಪದಗಳನ್ನೇ ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದ್ದರು. ಓದು ಬಾರದ ಹೆಂಗಸರ ಮಟ್ಟನ್ನೇ ಒಬ್ಬ ಹೆಣ್ಣುಮಗಳು ಪುರಾಣಕ್ಕೆ ಏರಿಸಿದ್ದು ಸಣ್ಣ ಧೈರ್ಯವಲ್ಲ.

ಕರ್ನಾಟಕದ ಏಕೀಕರಣಕ್ಕಾಗಿಯೂ ಅವರು ಹೋರಾಡಿದರು. 1956ರಲ್ಲಿ ರಾಜ್ಯ ಒಂದಾಯಿತು; ಸೊಲ್ಲಾಪುರ ಮಾತ್ರ ಹೊರಗುಳಿಯಿತು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1915ರಿಂದ ನಡೆದುಬಂದ ಆ ಪೀಠದಲ್ಲಿ ಅಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ಕುಳಿತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಬಸವಕಲ್ಯಾಣಕ್ಕೆ ಬಂದು ನೆಲೆಸಿದರು. 1986ರಲ್ಲಿ ತೀರಿಕೊಂಡರು.