ಎರಡು ಹೊಳೆಗಳ ನಡುವೆ ತೇಲುವ ವಿದ್ಯೆ

ಬೆಂಗಳೂರು, ಮೈಸೂರುಗಳಂಥ ನಗರಗಳ ಹೊರವಲಯದಲ್ಲಿ ಈಗ ಜಲಕ್ರೀಡೆಯ ಉದ್ಯಾನಗಳು ಎದ್ದಿವೆ. ಅಲ್ಲಿರುವ ಹಲವು ವಿನೋದಗಳಲ್ಲಿ ಮಕ್ಕಳಿಗೂ ಮುದುಕರಿಗೂ ಸಮನಾಗಿ ಒಪ್ಪುವಂಥದು ಒಂದಿದೆ. ‘ಲೇಜಿ ರಿವರ್’ ಎಂದು ಅದರ ಹೆಸರು. ನಮ್ಮ ಮಾತಿನಲ್ಲಿ ‘ಸೋಮಾರಿ ಹೊಳೆ’ ಎನ್ನಬಹುದು. ಸೊಂಟಮಟ್ಟದ ನೀರಿರುವ ಸಿಮೆಂಟಿನ ಕಾಲುವೆ. ಪಂಪು ತಳ್ಳಿದಷ್ಟೇ ಅದರ ಸೆಳವು. ಗಾಳಿ ತುಂಬಿದ ರಬ್ಬರ್ ಟ್ಯೂಬಿನಲ್ಲಿ ಕುಳಿತರೆ, ಮಲಗಿದರೆ, ಇಲ್ಲವೆ ಅದರ ಅಂಚನ್ನು ಹಿಡಿದು ಕಾಲು ಚಾಚಿದರೆ ಸಾಕು, ನೀರೇ ನಮ್ಮನ್ನು ಒಂದು ಸುತ್ತು ತಿರುಗಿಸಿ ಹೊರಟ ಮೆಟ್ಟಿಲಿಗೇ ತಂದು ಬಿಡುತ್ತದೆ. ಹೀಗೆ ತೇಲುವುದಕ್ಕೆ ಯಾವ ವಿದ್ಯೆಯೂ ಬೇಡ. ದುಡ್ಡು ಕೊಟ್ಟು ಚೀಟಿ ಪಡೆದರಾಯಿತು.

ವಿನೋದ ಹೊಸದು, ಅದರ ಉಪಾಯ ಮಾತ್ರ ಬಹಳ ಹಳೆಯದು. ಟೊಳ್ಳಾದ ಒಂದು ವಸ್ತುವಿನಲ್ಲಿ ಗಾಳಿಯನ್ನು ಸೆರೆಹಿಡಿದು, ಅದನ್ನು ನಂಬಿ ಹರಿಯುವ ನೀರಿಗೆ ಇಳಿಯುವುದು ನಮ್ಮ ನಾಡಿನ ಒಂದು ಭಾಗದಲ್ಲಿ ಆಟವಾಗಿರಲಿಲ್ಲ. ಸಂತೆಗೆ ಹೋಗುವುದು, ಬೀಗರ ಮನೆಗೆ ಹೋಗುವುದು, ವೈದ್ಯನನ್ನು ಕಾಣುವುದು, ಯುದ್ಧಕ್ಕೆ ಹೊರಡುವುದು, ಎಲ್ಲವೂ ಅದರಿಂದಲೇ ಆಗಬೇಕಾಗಿತ್ತು. ಆ ಭಾಗವೇ ರಾಯಚೂರು ಸೀಮೆ.

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ನಿಂತು ದಿಕ್ಕುಗಳನ್ನು ಎಣಿಸಿದರೆ ಈ ಸೀಮೆಯ ಭಾಗ್ಯವೂ ಕಷ್ಟವೂ ಒಟ್ಟಿಗೆ ಅರ್ಥವಾಗುತ್ತವೆ. ಬಡಗಣಕ್ಕೆ ಹೋದರೆ ಕೃಷ್ಣೆ ಅಡ್ಡ ಬರುತ್ತಾಳೆ. ತೆಂಕಣಕ್ಕೆ ಮಾನ್ವಿಯನ್ನು ದಾಟಿ ಹೋದರೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಣ ಫಲವತ್ತಾದ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ, ಆಮೇಲೆ ವಿಜಾಪುರದ ಆದಿಲಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. ಕಾದಾಡುವ ಮುನ್ನ ಪ್ರತಿಯೊಬ್ಬರೂ ಹೊಳೆಯನ್ನು ದಾಟಲೇಬೇಕಾಗಿತ್ತು. ಬೇಸಿಗೆಯಲ್ಲಿ ಬಂಡೆಗಳ ನಡುವೆ ಹಾದು ಹೋಗಬಹುದು. ಮಳೆಗಾಲದಲ್ಲಿ ತೇಲಿಯೇ ಹೋಗಬೇಕು.

ತೇಲುವ ಸಾಧನಗಳಲ್ಲಿ ಎಲ್ಲಕ್ಕಿಂತ ಸರಳವಾದುದು ಒಣಗಿದ ಬುರುಡೆ. ಬಲಿತ ಸೋರೆ ಅಥವಾ ಕುಂಬಳದ ಕಾಯಿಯನ್ನು ಚೆನ್ನಾಗಿ ಒಣಗಿಸಿದರೆ ಒಳಗಿನ ತಿರುಳು ಬತ್ತಿ, ಹೊರಗಿನ ಸಿಪ್ಪೆ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅಂಥ ಎರಡು ಮೂರು ಬುರುಡೆಗಳನ್ನು ಹಗ್ಗದಿಂದ ಹೆಣೆದು ಎದೆಗೋ ಬೆನ್ನಿಗೋ ಸೊಂಟಕ್ಕೋ ಕಟ್ಟಿಕೊಂಡರೆ ಈಸು ಬಾರದವನೂ ಮುಳುಗುವುದಿಲ್ಲ. ಇದರಲ್ಲಿ ಮಾಟವೇನೂ ಇಲ್ಲ. ಎದೆಯಲ್ಲಿ ಉಸಿರು ತುಂಬಿರುವಾಗ ಮನುಷ್ಯನ ದೇಹ ಹೆಚ್ಚು ಕಡಿಮೆ ನೀರಿನಷ್ಟೇ ತೂಗುತ್ತದೆ. ಮೂಗು ಬಾಯಿಗಳನ್ನು ನೀರಿನ ಮೇಲೆ ಎತ್ತಿ ಹಿಡಿಯುವುದಷ್ಟೇ ಕಷ್ಟ. ಐದು ಲೀಟರು ಹಿಡಿಯುವ ಬುರುಡೆ ನೀರಿನಲ್ಲಿ ಅದುಮಿದಾಗ ಸುಮಾರು ಐದು ಕಿಲೊ ಭಾರವನ್ನು ಮೇಲಕ್ಕೆ ತಳ್ಳುತ್ತದೆ. ಮನುಷ್ಯನ ತಲೆಯ ತೂಕವೂ ಸರಿಸುಮಾರು ಅಷ್ಟೇ. ಹಿತ್ತಲ ಬಳ್ಳಿಯ ಒಂದು ಕಾಯಿ ಒಬ್ಬನ ತಲೆಯನ್ನು ಕಾಯಬಲ್ಲದು.

ಈ ಉಪಾಯ ಬರಿಯ ಹಳ್ಳಿಗರದೆಂದು ತಿಳಿಯಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಮಾಡಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದಲ್ಲಿ ದಂಡು ನೀರನ್ನು ದಾಟುವ ಬಗೆಯನ್ನು ಹೇಳುವಾಗ ಆನೆ, ಸೇತುವೆ, ದೋಣಿಗಳ ಜೊತೆಗೆ ಸೋರೆಯ ಬುರುಡೆಯೂ, ತೊಗಲು ಹೊದಿಸಿದ ಬುಟ್ಟಿಯೂ, ಗಾಳಿ ತುಂಬುವ ತೊಗಲ ಚೀಲವೂ ಪಟ್ಟಿಯಲ್ಲಿ ಬರುತ್ತವೆ. ಸಾಮ್ರಾಜ್ಯವನ್ನು ಕಟ್ಟುವವನೂ ಸೋರೆ ಬುರುಡೆಯನ್ನು ಲೆಕ್ಕಕ್ಕೆ ಹಿಡಿದಿದ್ದ.

ಹೊರನಾಡುಗಳಲ್ಲಿಯೂ ಹೀಗೆಯೆ. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಅಸ್ಸೀರಿಯಾದ ಅರಮನೆಯ ಕಲ್ಲುಗಳ ಮೇಲೆ, ಊದಿದ ತೊಗಲ ಚೀಲವನ್ನು ಎದೆಯಡಿಯಲ್ಲಿ ಅಪ್ಪಿಕೊಂಡು ಹೊಳೆ ದಾಟುವ ಸೈನಿಕರನ್ನು ಕೊರೆದಿದ್ದಾರೆ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬ್ಯಾಬಿಲೋನಿನ ದೋಣಿಗಳು ಗುರಾಣಿಯಂತೆ ದುಂಡಗಿದ್ದು, ಹೊರಗೆ ತೊಗಲು ಹೊದ್ದಿದ್ದವೆಂದು ಗ್ರೀಕರ ಹೆರೊಡೋಟಸ್ ಬರೆದಿದ್ದಾನೆ. ಸೆಳವಿನೊಡನೆ ಇಳಿದು ಬಂದ ವರ್ತಕ ತಿರುಗಿ ಏರಿ ಹೋಗಲಾರ. ಆದುದರಿಂದ ದೋಣಿಯಲ್ಲಿಯೇ ಒಂದು ಕತ್ತೆಯನ್ನು ತರುತ್ತಿದ್ದ. ಸರಕನ್ನೂ ದೋಣಿಯ ಹಂದರವನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಮರಳುತ್ತಿದ್ದ.

ಅದೇ ಜಾತಿಯ ದೋಣಿ ನಮ್ಮ ಹರಿಗೋಲು. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು; ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ; ಬೇಕಾದರೆ ಕುದುರೆ ಎತ್ತುಗಳೂ ಹೋಗಬಹುದು, ಆದರೆ ಅವು ಸಾಮಾನ್ಯವಾಗಿ ಈಸಿಯೇ ದಾಟುತ್ತವೆ ಎಂದು ಹೇಳುತ್ತಾನೆ. ಈ ದೋಣಿ ನೆಟ್ಟಗೆ ಹೋಗದೆ ಸದಾ ಗಿರಗಿರನೆ ತಿರುಗುವುದೂ ಅವನ ಕಣ್ಣಿಗೆ ಬಿದ್ದಿತ್ತು. ಐನೂರು ವರುಷಗಳಲ್ಲಿ ಇದರ ರೂಪ ಬದಲಾಗಲಿಲ್ಲ. ಬಿದಿರ ದಬ್ಬೆಗಳ ಹೆಣಿಗೆ ಉಳಿಯಿತು. ತೊಗಲಿನ ಬದಲಿಗೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆಗಳು ಬಂದವು. ಈಚೆಗೆ ಫೈಬರಿನ ಹರಿಗೋಲುಗಳೂ ಬಂದಿವೆ.

ತಿರುಗುವುದು ಹರಿಗೋಲಿನ ದೋಷವೆಂದು ಹೊಸಬರಿಗೆ ತೋರುತ್ತದೆ. ಮೂತಿಯೂ ಬಾಲವೂ ಇಲ್ಲದ ಈ ದೋಣಿ ಬಂಡೆಗೆ ತಾಗಿದರೆ ಒಡೆಯದೆ ಹೊರಳಿ ಜಾರಿಕೊಳ್ಳುತ್ತದೆ. ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ಬಂಡೆಗಳೇ ತುಂಬಿದ ಕೃಷ್ಣೆ ತುಂಗಭದ್ರೆಗಳ ಪಾತ್ರಕ್ಕೆ ಇದಕ್ಕಿಂತ ಒಪ್ಪುವ ದೋಣಿ ದೊರೆಯುವುದು ಕಷ್ಟ. ಸೆಳವಿಗೆ ಎದುರಾಗಿ ಮಾತ್ರ ಇದು ಹೋಗಲೊಲ್ಲದು. ಅದಕ್ಕಾಗಿ ಅಂಬಿಗ ತಾನು ಸೇರಬೇಕಾದ ಜಾಗಕ್ಕಿಂತ ಬಹಳ ಮೇಲಿನಿಂದ ಹೊರಟು, ನೀರು ಎಳೆದಂತೆ ಎಳೆಸಿಕೊಳ್ಳುತ್ತ, ಹುಟ್ಟಿನಿಂದ ಓರೆಯಾಗಿ ಒತ್ತುತ್ತ ಕೆಳಗೆ ಆಚೆ ದಡ ಮುಟ್ಟುತ್ತಾನೆ. ಮತ್ತೆ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡದ ಗುಂಟ ಮೇಲಕ್ಕೆ ನಡೆಯುತ್ತಾನೆ. ಎಷ್ಟು ಮೇಲಿನಿಂದ ಹೊರಡಬೇಕು ಎಂಬುದರಲ್ಲಿಯೇ ಅವನ ವಿದ್ಯೆಯೆಲ್ಲ ಇದೆ. ಅದು ಅಂದಿನ ಸೆಳವನ್ನು ಅವಲಂಬಿಸಿದ್ದು, ಸೆಳವನ್ನು ಕಣ್ಣಳತೆಯಲ್ಲೇ ತೂಗಬೇಕು. ಹೀಗೆ ಹೊಳೆಗೆ ಮೈಯೊಪ್ಪಿಸುವಾಗಲೂ ಅಂಬಿಗ ತನ್ನ ದಡವನ್ನು ಮರೆಯುವುದಿಲ್ಲ.

ಈ ಲೆಕ್ಕ ಸರಿಯಾದಾಗ ಏನಾಯಿತು, ತಪ್ಪಿದಾಗ ಏನಾಯಿತು ಎಂಬುದಕ್ಕೆ ರಾಯಚೂರಿನ ಇತಿಹಾಸದಲ್ಲಿಯೇ ಎರಡು ನಿದರ್ಶನಗಳಿವೆ. ಎರಡನ್ನೂ ಹದಿನೇಳನೆಯ ಶತಮಾನದ ಆರಂಭದಲ್ಲಿ ವಿಜಾಪುರದಲ್ಲಿ ಕುಳಿತು ಬರೆದ ಫೆರಿಷ್ತಾ ದಾಖಲಿಸಿದ್ದಾನೆ. ೧೩೯೮ರ ಸುಮಾರಿಗೆ ಬಹಮನಿ ಸುಲ್ತಾನ ಫಿರೋಜ್ ಶಹನ ದಂಡು ಕೃಷ್ಣೆಯ ಬಡಗಣ ದಡದಲ್ಲಿ ನಿಂತಿತ್ತು. ಎರಡನೆಯ ಹರಿಹರನ ಸೈನ್ಯ ತೆಂಕಣ ದಡದಲ್ಲಿ. ಹೊಳೆ ತುಂಬಿ ಹರಿಯುತ್ತಿತ್ತು. ಸಿರಾಜ್ ಎಂಬ ಖಾಜಿ ಕೆಲವರು ಸಂಗಡಿಗರೊಡನೆ ವೇಷ ಮರೆಸಿಕೊಂಡು ಎದುರಾಳಿಯ ಪಾಳೆಯಕ್ಕೆ ನುಗ್ಗಿ, ಆಟಪಾಟಗಳ ನೆಪದಲ್ಲಿ ರಾಜಕುಮಾರನ ಡೇರೆಯನ್ನು ಹೊಕ್ಕು ಅವನನ್ನು ಇರಿದ. ಆ ರಾತ್ರಿಯ ಗೊಂದಲವೇ ಸಂಕೇತವಾಗಿ, ಮೊದಲೇ ಸಿದ್ಧಪಡಿಸಿಟ್ಟ ತೆಪ್ಪಗಳಲ್ಲಿ ಮೂರು ನಾಲ್ಕು ಸಾವಿರ ಜನ ಹೊಳೆ ದಾಟಿದರು. ಕೃತ್ಯವನ್ನು ಮೆಚ್ಚಬೇಕಾಗಿಲ್ಲ, ತೆಪ್ಪಗಳು ಸಿದ್ಧವಾಗುವವರೆಗೆ ಅವರು ಕಾದರೆಂಬುದನ್ನು ಗಮನಿಸಬೇಕು.

ಕಾಯದವನು ಇಸ್ಮಾಯಿಲ್ ಆದಿಲಶಾಹ. ೧೫೨೦ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಮುತ್ತಿದಾಗ ಅದನ್ನು ಉಳಿಸಿಕೊಳ್ಳಲು ಈತ ಕೃಷ್ಣೆಯ ದಡಕ್ಕೆ ಬಂದ. ತೊಗಲು ಹೊದಿಸಿದ ತೆಪ್ಪಗಳು ಇನ್ನೂ ಸಿದ್ಧವಾಗುತ್ತಿದ್ದವು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ಆನೆಯೇರಿ ನೀರಿಗಿಳಿದು, ಇದ್ದಷ್ಟು ಆನೆಗಳಲ್ಲಿ, ಇದ್ದಷ್ಟು ತೆಪ್ಪಗಳಲ್ಲಿ ದಂಡು ತನ್ನನ್ನು ಹಿಂಬಾಲಿಸಲೆಂದು ಅಪ್ಪಣೆ ಮಾಡಿದನೆಂದು ಫೆರಿಷ್ತಾ ಬರೆಯುತ್ತಾನೆ. ಸೋತು ಹಿಮ್ಮೆಟ್ಟುವಾಗ ಬೆನ್ನ ಹಿಂದೆ ಅದೇ ಹೊಳೆ. ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಕೂಡ ನೀರಿನಲ್ಲಿ ಸತ್ತವರ ದಾರುಣ ಚಿತ್ರವನ್ನು ಕೊಡುತ್ತಾನೆ. ಸುಲ್ತಾನ ಮಾತ್ರ ಹೇಗೋ ಆನೆಯ ಮೇಲೆ ಆಚೆ ದಡ ಸೇರಿ ಬದುಕಿಕೊಂಡ. ರಾಯಚೂರನ್ನು ಮರಳಿ ಗೆಲ್ಲುವವರೆಗೆ ಮದ್ಯವನ್ನು ಮುಟ್ಟುವುದಿಲ್ಲವೆಂದು ಆತ ಶಪಥ ಮಾಡಿದನಂತೆ. ಆದರೆ ನೀರುಪಾಲಾದ ಸಿಪಾಯಿಗಳಿಗೆ ಆ ಶಪಥದಿಂದ ಬಂದ ಲಾಭವೇನು?

ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ಕೂಡ ೧೮೦೩ರ ಮರಾಠಾ ಯುದ್ಧದ ವೇಳೆಗೆ ದಖನ್ನಿನ ಹೊಳೆಗಳಿಗಾಗಿ ಬುಟ್ಟಿ ದೋಣಿಗಳನ್ನೇ ಮಾಡಿಸಿದ. ೧೮೭೧ರಲ್ಲಿ ಮುಂಬಯಿಯ ರೈಲೂ ಮದರಾಸಿನ ರೈಲೂ ರಾಯಚೂರಿನಲ್ಲಿ ಕೂಡಿಕೊಂಡವು; ಕೃಷ್ಣೆಯ ಮೇಲೆ ರೈಲು ಸೇತುವೆ ನಿಂತಿತು. ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ದೇವಸೂಗೂರಿನ ಬಳಿ ಕಲ್ಲಿನ ರಸ್ತೆ ಸೇತುವೆಯೂ ಆಯಿತು. ಹೆದ್ದಾರಿಯಲ್ಲಿ ಹೋಗುವವರಿಗೆ ಹೊಳೆಯೆಂಬುದು ಬಸ್ಸಿನ ಕಿಟಕಿಯಲ್ಲಿ ಒಂದು ಗಳಿಗೆ ಕಾಣುವ ನೋಟವಾಯಿತು.

ಹೆದ್ದಾರಿಯ ಆಚೆಗೆ ಇರುವವರ ಪಾಡು ಬೇರೆ. ಕೃಷ್ಣೆಯ ಪಾತ್ರದಲ್ಲಿ ಕುರ್ವಕುಲ, ಕುರ್ವಕುರ್ದ ಮೊದಲಾದ ನಡುಗಡ್ಡೆಗಳಿವೆ. ಅಲ್ಲಿಯ ಜನರಿಗೆ ಅಂಬಿಗನೇ ಸೇತುವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಚೌಡಯ್ಯನಂಥ ಅಂಬಿಗನೊಬ್ಬ ತನ್ನ ಕಾಯಕದ ಹೆಸರನ್ನೇ ಅಂಕಿತವಾಗಿಟ್ಟುಕೊಂಡು ತಲೆಯೆತ್ತಿ ನುಡಿದನೆಂದರೆ, ಈ ಕೆಲಸಕ್ಕಿದ್ದ ಘನತೆ ತಿಳಿಯುತ್ತದೆ. ಮುಗಿಲ ಬಣ್ಣ, ನೀರಿನ ಕೆಂಪು, ತೇಲಿಬರುವ ಕಸಕಡ್ಡಿ, ಬಂಡೆಯ ಮೇಲಿನ ನೀರಿನ ಗುರುತು ಇವುಗಳಿಂದ ಹೊಳೆಯ ಮನಸ್ಸನ್ನು ಅವರು ಓದುತ್ತಿದ್ದರು.

ಈ ಓದು ಕೈಕೊಡತೊಡಗಿದ್ದು ಅಣೆಕಟ್ಟುಗಳ ಕಾಲದಲ್ಲಿ. ೧೯೫೩ರಲ್ಲಿ ತುಂಗಭದ್ರೆಗೆ ಹೊಸಪೇಟೆಯ ಬಳಿ ಕಟ್ಟೆ ಬಿತ್ತು. ೧೯೮೨ರಲ್ಲಿ ಕೃಷ್ಣೆಗೆ ನಾರಾಯಣಪುರದಲ್ಲಿ. ಬರಗಾಲದ ಈ ಸೀಮೆಗೆ ಕಾಲುವೆಯ ನೀರು ಭತ್ತ ಬೆಳೆಸಿತೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಕೆಳಗಿನ ಹೊಳೆಯ ಪಂಚಾಂಗ ಬದಲಾಯಿತು. ಪ್ರವಾಹ ಈಗ ಮಳೆಯ ಜಾಡು ಹಿಡಿದು ಮಾತ್ರ ಬರುವುದಿಲ್ಲ, ಗೇಟು ತೆರೆದ ಗಳಿಗೆಗೂ ಬರುತ್ತದೆ. ತಲೆಯ ಮೇಲೆ ನಿರಭ್ರವಾದ ಆಕಾಶವಿದ್ದಾಗಲೇ ಕಾಲ ಕೆಳಗೆ ನೀರು ಏರಬಹುದು. ಅಜ್ಜ ಕಲಿಸಿದ ಗುರುತುಗಳು ಅಂಬಿಗನಿಗೆ ಅಲ್ಲಿ ಸಾಲವು. ಎಷ್ಟು ನೀರು ಬಿಡುತ್ತಾರೆ, ಯಾವ ಹೊತ್ತಿಗೆ ಬಿಡುತ್ತಾರೆ ಎಂಬ ಸುದ್ದಿ ನೀರಿಗಿಂತ ಮೊದಲು ಅವನನ್ನು ಮುಟ್ಟಬೇಕು.

೨೦೧೩ರ ಜುಲೈ ಕೊನೆಯಲ್ಲಿ, ನಾರಾಯಣಪುರದ ಕೆಳಗೆ ಯಾದಗಿರಿ ಜಿಲ್ಲೆಗೆ ಸೇರಿದ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಲ್ಲಿ ನಡೆದ ಸಂಗತಿ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ದಿನ ತುಂಬುತ್ತಿದ್ದ ಗರ್ಭಿಣಿಯೊಬ್ಬಳು, ಊರಿನಲ್ಲಿ ಹೆರಿಗೆಗೆ ಅನುಕೂಲವಿಲ್ಲವೆಂದು, ಉಕ್ಕಿ ಹರಿಯುವ ಕೃಷ್ಣೆಗೆ ಇಳಿದಳು. ಹರಿಗೋಲು ಹಾಕುವಂತಿರಲಿಲ್ಲ. ಮೈಗೆ ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಕಟ್ಟಿಕೊಂಡಿದ್ದಳು. ತಂದೆಯೂ ಒಡಹುಟ್ಟಿದವನೂ ನೆಂಟರೂ ಸುತ್ತ ಈಸುತ್ತ ಜೊತೆಗಿದ್ದರು. ಅವಳು ಸುರಕ್ಷಿತವಾಗಿ ಆಚೆ ದಡ ಸೇರಿದಳು. ಆ ಧೈರ್ಯಕ್ಕೆ ನಾಡೆಲ್ಲ ತಲೆದೂಗಿತು. ಕೌಟಿಲ್ಯ ದಂಡಿಗೆಂದು ಬರೆದಿಟ್ಟ ಉಪಾಯವನ್ನು ಎರಡು ಸಾವಿರ ವರುಷಗಳ ಮೇಲೆ ಬಸುರಿ ಹೆಂಗಸೊಬ್ಬಳು ಬಳಸಬೇಕಾಗಿ ಬಂದುದಕ್ಕೆ ತಲೆದೂಗಬೇಕೋ ತಲೆ ತಗ್ಗಿಸಬೇಕೋ ಎಂಬುದನ್ನು ಓದುಗರೇ ಯೋಚಿಸಬೇಕು.

ಎಲ್ಲ ಸಲವೂ ಹೀಗೆ ದಡ ಸಿಕ್ಕುವುದಿಲ್ಲ. ೨೦೨೦ರ ಆಗಸ್ಟಿನಲ್ಲಿ ಕುರ್ವಕುಲಕ್ಕೆ ಹೊರಟ ಹರಿಗೋಲು ಪ್ರವಾಹದಲ್ಲಿ ಮಗುಚಿ ನಾಲ್ವರು ಕೊಚ್ಚಿಹೋದರು. ಹರಿಗೋಲಿನಲ್ಲಿ ಏರುವ ಪ್ರತಿಯೊಬ್ಬರಿಗೂ ಒಂದೊಂದು ತೇಲುವ ಅಂಗಿ ಇರಬೇಕೆಂಬುದು ದೊಡ್ಡ ಬೇಡಿಕೆಯಲ್ಲ. ಆ ಅಂಗಿಯಾದರೂ ಏನು? ಸೋರೆ ಬುರುಡೆಯೇ ಬಟ್ಟೆ ತೊಟ್ಟು ಬಂದಂತೆ. ಒಳಗೆ ಅದೇ ಸೆರೆಹಿಡಿದ ಗಾಳಿ. ಸೋಮಾರಿ ಹೊಳೆಯ ಸೊಂಟಮಟ್ಟದ ನೀರಿಗೂ ಟ್ಯೂಬು ಕೊಡುತ್ತಾರೆ, ದಡದಲ್ಲಿ ಕಾವಲುಗಾರನನ್ನು ನಿಲ್ಲಿಸುತ್ತಾರೆ. ನಿಜವಾದ ಹೊಳೆಗೆ ಇಳಿಯುವವರಿಗೆ ಅಷ್ಟಾದರೂ ಬೇಡವೆ?

ಹಂಪೆಯ ಬಳಿ ಪ್ರವಾಸಿಗರು ಇಂದು ದುಡ್ಡು ಕೊಟ್ಟು ಹರಿಗೋಲು ಏರುತ್ತಾರೆ. ಅಂಬಿಗ ಹುಟ್ಟು ತಿರುವಿ ಅದನ್ನು ಬುಗುರಿಯಂತೆ ಸುತ್ತಿಸಿದಾಗ ನಗುತ್ತಾರೆ. ನಗಬೇಕಾದುದೇ, ಹೊಳೆಯ ಮೇಲೆ ನಗುವವರು ಇದ್ದರೆ ಅಂಬಿಗನ ಒಲೆಯೂ ಉರಿಯುತ್ತದೆ, ಹೆಣಿಗೆಯ ಕೈಗೂ ಕೆಲಸ ಸಿಕ್ಕುತ್ತದೆ, ಆ ವಿದ್ಯೆ ಇನ್ನೊಂದು ತಲೆಮಾರಿಗೆ ಉಳಿಯುತ್ತದೆ. ಕೆಳಗೆ ರಾಯಚೂರಿನ ನಡುಗಡ್ಡೆಗಳಿಗೂ ಸೇತುವೆಗಳಾಗಿ, ಅಲ್ಲಿಯ ಮಕ್ಕಳೂ ಬೇಕೆಂದಾಗ ಮಾತ್ರ, ಆಟಕ್ಕೆಂದೇ, ಬುರುಡೆ ಕಟ್ಟಿಕೊಂಡು ಕೃಷ್ಣೆಗೆ ಇಳಿಯುವ ಕಾಲ ಬರಲಿ.